ಇನ್ಶೂರೆನ್ಸ್ ಇಲ್ಲದ ಟೆಂಪೋ ಗುದ್ದಿದ ಮೇಲೆ

2024ರ ನವೆಂಬರ್ 17, ಭಾನುವಾರ. ತಲಘಟ್ಟಪುರದಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶದ ಊಟ ಮುಗಿಸಿ ಹನುಮಂತನಗರದ ಮನೆಗೆ ಹೊರಟಿದ್ದೆವು. ಮುಂದೆ ನಾನು, ನನ್ನ ಹೆಂಡತಿ. ಹಿಂದಿನ ಸೀಟಿನ ಎಡಗಡೆ ಅಮ್ಮ, ಅವರ ಪಕ್ಕ ತಾಂಬೂಲದ ಚೀಲ. ಯಲಚೇನಹಳ್ಳಿ ಮೆಟ್ರೋ ಸ್ಟೇಷನ್ ದಾಟಿ ಸ್ವಲ್ಪ ಮುಂದೆ ಗಾಡಿಗಳು ನಿಂತಿದ್ದವು, ನಾನೂ ನಿಲ್ಲಿಸಿದೆ. ಎರಡೇ ಕ್ಷಣ. ಎಡಗಡೆಯಿಂದ ಟೈಲ್ಸ್ ತುಂಬಿದ ಟೆಂಪೋ ಬಂದು ಹಿಂದಿನ ಬಾಗಿಲಿಗೂ ಚಕ್ರಕ್ಕೂ ಸೇರಿಸಿ ಗುದ್ದಿತು. ಕಾರು ಓರೆಯಾಗಿ ಮೆಟ್ರೋ ಕಂಬದ ಕಟ್ಟೆಗೆ ಹೋಗಿ ನಿಂತಿತು. ಅಮ್ಮ ಕೂಗಲಿಲ್ಲ. "ಕೈ ಎತ್ತಕ್ಕಾಗ್ತಿಲ್ಲ ಕಣೋ" ಅಂದರು, ಅಷ್ಟೆ.

ಟೆಂಪೋ ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಇಳಿದವನೇ ಕೈ ಮುಗಿದ. "ಅಣ್ಣಾ, ತಪ್ಪು ನಂದೇ, ಬ್ರೇಕ್ ಹಿಡೀಲಿಲ್ಲ. ಓನರ್‌ಗೆ ಫೋನ್ ಮಾಡ್ತೀನಿ, ಪೊಲೀಸ್ ಬೇಡ ಅಣ್ಣಾ." ಅಷ್ಟರಲ್ಲಿ ಜನ ಸೇರಿತ್ತು. ಅವರಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಸ್ಟೇಷನ್ನು ಕೋರ್ಟು ಅಂತ ಯಾಕೆ ಅಲೀತೀರ, ಹದಿನೈದು ಸಾವಿರ ಕೊಡಿಸ್ತೀವಿ, ಇಲ್ಲೇ ಮುಗಿಸ್ಕೊಳ್ಳಿ" ಅಂದರು. ಆ ಹುಡುಗನ ಮುಖ ನೋಡಿ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಹಾಗೆ ಮಾಡಿದ್ದರೆ ಅಮ್ಮನ ಆಪರೇಷನ್ನಿನ ಪೂರ್ತಿ ಖರ್ಚು ನಮ್ಮ ತಲೆಯ ಮೇಲೇ ಬೀಳುತ್ತಿತ್ತು.

ಮನಸ್ಸು ಬದಲಾದದ್ದು ನನ್ನ ಹೆಂಡತಿಯಿಂದ. ಅವಳು ಆಗಲೇ 112ಕ್ಕೆ ಫೋನ್ ಮಾಡಿ, ಟೆಂಪೋದ ನಂಬರನ್ನು ಗಾಡಿಯ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದ್ದಳು. ಫೋನನ್ನು ನನ್ನ ಕಡೆ ತಿರುಗಿಸಿದಳು. ಇನ್ಶೂರೆನ್ಸ್ ಮುಗಿದು ಏಳು ತಿಂಗಳಾಗಿತ್ತು. ಪರದೆಯ ಸ್ಕ್ರೀನ್‌ಶಾಟ್ ತೆಗೆದುಕೊಂಡಳು. ಆಮೇಲೆ ಎರಡೂ ಗಾಡಿ ನಿಂತಿದ್ದ ರೀತಿ, ರಸ್ತೆ ಮೇಲಿನ ಚಕ್ರದ ಗುರುತು, ಮೆಟ್ರೋ ಕಂಬದ ಮೇಲಿನ ನಂಬರು, ಎದುರಿನ ಬೇಕರಿಯ ಬೋರ್ಡು, ಎಲ್ಲದರ ಫೋಟೋ ಹಿಡಿದಳು. ಕಂಬದ ನಂಬರ್ ಇದ್ದದ್ದರಿಂದ ಪೊಲೀಸರು ಮಹಜರು (ಸ್ಥಳ ನೋಡಿ ಬರೆಯುವ ದಾಖಲೆ) ಬರೆಯುವಾಗ ಜಾಗದ ಬಗ್ಗೆ ಒಂದು ಮಾತೂ ಹೆಚ್ಚುಕಮ್ಮಿ ಆಗಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಕಾಲರ್ ಬೋನ್ ಮುರಿದಿದೆ, ಪ್ಲೇಟ್ ಹಾಕಬೇಕು ಅಂದರು. ಅಲ್ಲೇ ನಮ್ಮ ಸಂಬಂಧಿಕರೊಬ್ಬರು, "ಮನೇಲಿ ಜಾರಿ ಬಿದ್ರು ಅಂತ ಬರೆಸಿ, ಪೊಲೀಸ್ ಕಾಟ ತಪ್ಪುತ್ತೆ" ಅಂತ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಪಘಾತವಾದರೆ ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡಿ ಠಾಣೆಗೆ ತಿಳಿಸುತ್ತಾರೆ. ಅದರಲ್ಲಿ ಗಾಡಿ ನಂಬರು, ಜಾಗ, ಹೊತ್ತು ಸರಿಯಾಗಿ ಬರೆಸಬೇಕು. ಕೇಸ್ ಶೀಟಿನಲ್ಲಿ ಒಂದು ಸಲ "ಬಿದ್ದರು" ಅಂತ ಸೇರಿಬಿಟ್ಟರೆ, ಮುಂದೆ ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯುನಲ್‌ನಲ್ಲಿ ಎದುರಿನವರ ವಕೀಲರು ಮೊದಲು ತೋರಿಸುವುದೇ ಆ ಸಾಲನ್ನು.

ಬೆಂಗಳೂರಿನಲ್ಲಿ ಅಪಘಾತದ ಕೇಸು ದಾಖಲಾಗುವುದು ಸಂಚಾರ ಪೊಲೀಸ್ ಠಾಣೆಯಲ್ಲಿ, ಕಾನೂನು ಸುವ್ಯವಸ್ಥೆ ಠಾಣೆಯಲ್ಲಲ್ಲ. ಅಂದು ರಾತ್ರಿಯೇ ಹೋದೆ. ಟೆಂಪೋದ ಓನರ್ ನನಗಿಂತ ಮೊದಲೇ ಬಂದು ಕೂತಿದ್ದರು. ದೂರು ಬರೆದುಕೊಳ್ಳುವ ಪೊಲೀಸರು ಇಬ್ಬರನ್ನೂ ಕೂರಿಸಿ, "ಮಾತಾಡಿಕೊಳ್ಳಿ, ಮಾತಾಡಿಕೊಂಡ್ರೆ ಎಲ್ರಿಗೂ ಒಳ್ಳೇದು" ಅಂದರು. ಓನರ್ ನಲವತ್ತು ಸಾವಿರದ ತನಕ ಬಂದರು. ನಾನು ಒಂದೇ ಮಾತು ಹಿಡಿದುಕೊಂಡೆ: "ಸಾರ್, ಮಾತಾಡೋಣ. ಮೊದಲು ಎಫ್‌ಐಆರ್ ಆಗಲಿ." ಮೂರು ಸಲ ಹೇಳಬೇಕಾಯಿತು. ದನಿ ಏರಿಸಲಿಲ್ಲ, ಎದ್ದೂ ಬರಲಿಲ್ಲ. ಹತ್ತೂವರೆಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಕಲಂಗಳ ಕೆಳಗೆ ಎಫ್‌ಐಆರ್ ಆಯಿತು. ಒಂದು ಅಜಾಗರೂಕ ಚಾಲನೆಗೆ, ಇನ್ನೊಂದು ಅದರಿಂದಾದ ತೀವ್ರ ಗಾಯಕ್ಕೆ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮನ್ನೂ ಸೇರಿಸಿ ಅಂತ ಸ್ಕ್ರೀನ್‌ಶಾಟ್ ಕೊಟ್ಟು ಕೇಳಿಕೊಂಡೆ. ಆ ಕಲಮಿಗೆ ಮೊದಲ ಸಲಕ್ಕೆ ದಂಡ 2,000 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೊತ್ತ ಚಿಕ್ಕದೇ. ಆದರೆ ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ ಅನ್ನುವುದು ಪೊಲೀಸರ ಕಾಗದದಲ್ಲಿ ಬರುವುದು ಬಹಳ ಮುಖ್ಯ.

ಯಾಕೆ ಅಂತ ಹೇಳುತ್ತೇನೆ. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇದ್ದರೆ ಪರಿಹಾರ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಓನರ್ ತಮ್ಮ ಕೈಯಿಂದಲೇ ಕೊಡಬೇಕು. ಆದೇಶ ಬಂದ ಮೇಲೂ ಅವರು ಕೊಡದಿದ್ದರೆ ವಸೂಲಿಗೆ ವರ್ಷಗಟ್ಟಲೆ ಹಿಂದೆ ಬೀಳಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಕೈಗೆ ಸಿಗುವ ಗಟ್ಟಿ ಹಿಡಿತ ಆ ಗಾಡಿ ಒಂದೇ. ಇನ್ಶೂರೆನ್ಸ್ ಇಲ್ಲದ ಗಾಡಿ ಅಪಘಾತ ಮಾಡಿ ಯಾರಿಗಾದರೂ ಗಾಯವಾಗಿದ್ದರೆ, ಓನರ್ ಸಾಕಷ್ಟು ಭದ್ರತೆ ಕೊಡುವ ತನಕ ಕೋರ್ಟು ಆ ಗಾಡಿಯನ್ನು ಬಿಡುವಂತಿಲ್ಲ. ಮೂರು ತಿಂಗಳಾದರೂ ಕೊಡದಿದ್ದರೆ ಗಾಡಿಯನ್ನು ಹರಾಜು ಹಾಕಿ ಬಂದ ಹಣವನ್ನು ಟ್ರಿಬ್ಯುನಲ್‌ಗೆ ಕಟ್ಟಬೇಕು. ರಾಜ್ಯಗಳು ಇಂಥ ನಿಯಮ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಲ್ಲೂ ಇದು ಸೇರಿದೆ. ಇದನ್ನು ನನಗೆ ತಿಳಿಸಿದವರು ಆಫೀಸಿನ ಸಹೋದ್ಯೋಗಿಯ ಅಣ್ಣ, ವಕೀಲರು. ಕೇಸೂ ಅವರಿಗೇ ಕೊಟ್ಟೆ. ಆಸ್ಪತ್ರೆಯ ವಾರ್ಡಿಗೇ ಬಂದು ವಕಾಲತ್ತಿಗೆ ಸಹಿ ಕೇಳಿದ ಇಬ್ಬರನ್ನು ಕೈ ಮುಗಿದು ಕಳಿಸಿದೆ.

ನಾಲ್ಕನೇ ದಿನ ಓನರ್ ಗಾಡಿ ಬಿಡಿಸಿಕೊಳ್ಳಲು ಟ್ರಾಫಿಕ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. ನಾವು ಮೊದಲೇ ಗಮನ ಇಟ್ಟಿದ್ದರಿಂದ ತಿಳಿಯಿತು. ವಕೀಲರು ಸರ್ಕಾರಿ ಅಭಿಯೋಜಕರಿಗೆ ಆಸ್ಪತ್ರೆಯ ಅಂದಾಜು ಬಿಲ್ಲು, ಇನ್ಶೂರೆನ್ಸ್ ಮುಗಿದಿದ್ದರ ದಾಖಲೆ, ನಿಯಮದ ಪ್ರತಿ ಎಲ್ಲ ಕೊಟ್ಟು ತಕರಾರು ಹಾಕಿಸಿದರು. ಟೆಂಪೋ ದಿನಾ ಓಡಿದರೆ ಮಾತ್ರ ಆ ಮನೆಗೆ ದುಡ್ಡು. ಹಾಗಾಗಿ ಠಾಣೆಯಲ್ಲಿ ನಲವತ್ತು ಸಾವಿರಕ್ಕೆ ನಿಂತಿದ್ದ ಓನರ್ ಹದಿನೇಳು ದಿನಕ್ಕೆ ಎರಡೂವರೆ ಲಕ್ಷ ರೂಪಾಯಿಯ ಎಫ್‌ಡಿ ಭದ್ರತೆ ಕೊಟ್ಟು, ಹೊಸ ಪಾಲಿಸಿ ಮಾಡಿಸಿ ಗಾಡಿ ಬಿಡಿಸಿಕೊಂಡರು. ನಮಗೆ ಪರಿಹಾರ ಸಿಕ್ಕಿದ್ದರೆ ಅದಕ್ಕೆ ಮೂಲ ಈ ಹದಿನೇಳು ದಿನ.

ನಡುವೆ ಇನ್ನೊಂದು ತೊಡಕು ಬಂತು. ಆರ್‌ಸಿ ಇದ್ದದ್ದು ನೆಲಮಂಗಲದ ಬೇರೊಬ್ಬರ ಹೆಸರಿನಲ್ಲಿ. ಎರಡು ವರ್ಷದ ಹಿಂದೆ ಮಾರಿದ್ದೇನೆ, ಡೆಲಿವರಿ ನೋಟ್ ಇದೆ, ನನಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅವರ ವಾದ. ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಡ್ರೈವರ್, ಕೊಂಡವರು, ಆರ್‌ಸಿಯಲ್ಲಿ ಹೆಸರಿದ್ದವರು, ಮೂವರನ್ನೂ ಎದುರುದಾರರನ್ನಾಗಿ ಮಾಡಿದೆವು. ಗಾಡಿ ಮಾರಿ ಹೆಸರು ವರ್ಗಾವಣೆ ಮಾಡಿಸದೆ ಕೂತಿರುವವರು ಇದನ್ನು ಓದುತ್ತಿದ್ದರೆ ನಾಳೆಯೇ ಆರ್‌ಟಿಒ ಕಡೆ ಹೋಗಿ. ಆ ಹಿರಿಯರು ನೆಲಮಂಗಲದಿಂದ ಪ್ರತಿ ತಾರೀಕಿಗೂ ಬಸ್ಸಿನಲ್ಲಿ ಬಂದು ಕೋರ್ಟಿನ ಬೆಂಚಿನ ಮೇಲೆ ಕೂರುತ್ತಿದ್ದುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಸಿಸಿಟಿವಿಯದು ಸಣ್ಣ ಮಾತು, ಆದರೆ ಹೊತ್ತು ಮೀರಿದರೆ ಸಿಗುವುದಿಲ್ಲ. ಬೇಕರಿಯ ಕ್ಯಾಮೆರಾದಲ್ಲಿ ಹಳೆಯದು ಅಳಿಸಿ ಹೊಸದು ಸೇರುತ್ತಾ ಹೋಗುತ್ತದೆ. ಮಾರನೇ ದಿನವೇ ಹೋಗಿ ಬೇಕರಿಯವರನ್ನು ಕೇಳಿಕೊಂಡು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ, ತನಿಖಾಧಿಕಾರಿಗೂ ಬರವಣಿಗೆಯಲ್ಲಿ ತಿಳಿಸಿದೆ. ಇಂಥ ದೃಶ್ಯ ಸಾಕ್ಷಿಯಾಗಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಬೇಕು. ಬೇಕರಿಯ ಯಜಮಾನರು ಅದಕ್ಕೂ ಸಹಿ ಹಾಕಿಕೊಟ್ಟರು. ಅವರ ಉಪಕಾರ ದೊಡ್ಡದು.

ಕಾರಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. ನನ್ನದು ಕಾಂಪ್ರಹೆನ್ಸಿವ್ ಪಾಲಿಸಿ, ಅಂದರೆ ಸ್ವಂತ ಗಾಡಿಯ ರಿಪೇರಿಗೂ ದುಡ್ಡು ಕೊಡುವಂಥದ್ದು. ತಪ್ಪು ಎದುರಿನವರದೇ ಆದರೂ ರಿಪೇರಿಗೆ ನನ್ನ ಪಾಲಿಸಿಯಲ್ಲೇ ಕ್ಲೇಮ್ ಮಾಡಿದೆ, ಕಾಯುತ್ತಾ ಕೂತರೆ ಗ್ಯಾರೇಜಿನಲ್ಲಿ ಕಾರು ತುಕ್ಕು ಹಿಡಿಯುತ್ತದೆ. ಅಪಘಾತದ ದಿನವೇ ಕಂಪನಿಗೆ ಫೋನ್ ಮಾಡಿದ್ದೆ, ಸರ್ವೇಯರ್ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಿಸಲಿಲ್ಲ. ಬಿಲ್ಲು 92,400 ಆಯಿತು, ಕಂಪನಿ 61,700 ಕೊಟ್ಟಿತು. ಸವಕಳಿ ಕಡಿಯದೆ ಕೊಡುವ ಜೀರೋ ಡೆಪ್ ಇರಲಿಲ್ಲ, ಹಾಗಾಗಿ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿದರು, ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಡಿದರು, ಕಡ್ಡಾಯ ಕಡಿತದ ಸಾವಿರ ರೂಪಾಯಿ ಬೇರೆ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ವರ್ಷಗಟ್ಟಲೆ ಕೂಡಿಕೊಂಡು ಬಂದಿದ್ದ ನೋ ಕ್ಲೇಮ್ ಬೋನಸ್ಸೂ ಹೋಯಿತು. ಕೈಯಿಂದ ಹೋದ 30,700ಕ್ಕೆ ಮಾತ್ರ ಓನರ್ ಮೇಲೆ ಬೇರೆಯದೇ ಅರ್ಜಿ ಹಾಕಿದೆ. ಕಂಪನಿ ಕೊಟ್ಟ ದುಡ್ಡನ್ನು ನಾನು ಮತ್ತೆ ಕೇಳುವ ಹಾಗಿಲ್ಲ, ಅದನ್ನು ಅವರಿಂದ ವಸೂಲಿ ಮಾಡುವ ಹಕ್ಕು ಕಂಪನಿಯದು.

ಅಮ್ಮನ ಪರಿಹಾರದ ಅರ್ಜಿಯನ್ನು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಹಾಕಿದ್ದು 2025ರ ಫೆಬ್ರವರಿಯಲ್ಲಿ. ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇದೆ, ಅದನ್ನು ಮರೆತು ಕೂರಬಾರದು. ನಮ್ಮ ಊರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಈ ಟ್ರಿಬ್ಯುನಲ್ ನಡೆಸುವವರು. ಎಫ್‌ಐಆರ್, ಮಹಜರು, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್, ಹುಡುಗ ಟ್ರಾಫಿಕ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಆದೇಶ, ಎಲ್ಲದರ ದೃಢೀಕೃತ ಪ್ರತಿ ಇಟ್ಟೆವು. ಆಸ್ಪತ್ರೆಯ 1,86,000ದ ಬಿಲ್ಲು ಸುಲಭವಾಗಿ ನಿಂತಿತು. ಕಷ್ಟವಾದದ್ದು ಸಣ್ಣಪುಟ್ಟ ಖರ್ಚು. ಫಿಸಿಯೋಥೆರಪಿಗೆ ಹೋಗಿಬಂದ ಆಟೋ ಬಾಡಿಗೆ, ಅಮ್ಮನನ್ನು ನೋಡಿಕೊಳ್ಳಲು ಮೂರು ತಿಂಗಳು ಬಂದ ಹೆಂಗಸಿಗೆ ಕೊಟ್ಟ ಸಂಬಳ. ಮೊದಲ ತಿಂಗಳು ಅವರಿಗೆ ನಗದು ಕೊಟ್ಟೆ, ಅದಕ್ಕೆ ಪುರಾವೆಯೇ ಇಲ್ಲ. ಆಮೇಲೆ ಫೋನ್‌ಪೇ ಮಾಡಿ, ಒಂದು ಪುಸ್ತಕದಲ್ಲಿ ತಾರೀಕಿನ ಪ್ರಕಾರ ಬರೆಯುತ್ತಾ ಹೋದೆ.

ಮನೆಗೆಲಸಕ್ಕೂ ಬೆಲೆ ಇದೆ ಅನ್ನುವುದನ್ನು ನಮ್ಮ ವಕೀಲರು ಒತ್ತಿ ಹೇಳಿದರು. ಎಪ್ಪತ್ತರ ಗೃಹಿಣಿಗೆ ಆದಾಯ ಎಲ್ಲಿ ಅಂತ ಎದುರಿನವರು ಕೇಳಿದಾಗ, ಬೆಳಗ್ಗೆ ಐದೂವರೆಗೆ ಎದ್ದು ಆರು ಜನಕ್ಕೆ ಅಡುಗೆ ಮಾಡುತ್ತಿದ್ದುದನ್ನು ಅಮ್ಮ ಸಾಕ್ಷಿ ಕಟ್ಟೆಯಲ್ಲಿ ನಿಂತು ನಿಧಾನವಾಗಿ ಹೇಳಿದರು. ಈಗ ಎಡಗೈಯಲ್ಲಿ ಕುಕ್ಕರ್ ಎತ್ತಲು ಆಗುವುದಿಲ್ಲ ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದಕ್ಕೆ ಬೆಲೆ ಕಟ್ಟಬಹುದು ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಮ್ಮನಿಗೆ 3,40,000, ಕಾರಿಗೆ 25,000. ಕೇಸು ಮುಂದುವರಿಸಿದ್ದರೆ ಇನ್ನಷ್ಟು ಬರಬಹುದಿತ್ತೇನೋ, ಆದರೆ ವಸೂಲಾಗುವ ಮೊತ್ತ ಮುಖ್ಯ ಅಂತ ವಕೀಲರೂ ನಾನೂ ಒಪ್ಪಿದೆವು. ಎಫ್‌ಡಿಯ ಎರಡೂವರೆ ಲಕ್ಷ ನೇರ ಬಂತು, ಉಳಿದ 1,15,000 ಎರಡು ಕಂತಿನಲ್ಲಿ ಬಂತು. ಎರಡನೇ ಕಂತು ಎಂಟು ದಿನ ತಡವಾಯಿತು, ಅಷ್ಟೆ.

ಹೋದ ತಿಂಗಳು ಬನಶಂಕರಿ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಅದೇ ಟೆಂಪೋ ನನ್ನ ಮುಂದೆ ನಿಂತಿತ್ತು. ನಂಬರು ನನಗೆ ಬಾಯಿಪಾಠ. ಓಡಿಸುತ್ತಿದ್ದವನು ಬೇರೆ. ಬಂಕಿನಿಂದ ಆಚೆ ಬಂದು ಕಾರು ನಿಲ್ಲಿಸಿ ಎಂಪರಿವಾಹನ್ ತೆರೆದು ನೋಡಿದೆ. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಹಿಂದೆ ಕೂತಿದ್ದ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ತಾರೀಕನ್ನು ಎರಡು ಸಲ ಓದಿದರು.