ಜಯನಗರದಿಂದ ಹಡ್ಸನ್ ವೃತ್ತಕ್ಕೆ ಕಾಲ್ನಡಿಗೆ: ನನ್ನ ಅನುಭವ

ನಿತ್ಯ ನಡೆಯುವವರಿಗೆ ನಡಿಗೆಯ ಗುಣಗಾನ ಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ಕಚೇರಿಗೇ ನಡೆದು ಹೋಗುವುದು ಆಗದ ಮಾತೆಂದು ಸಹೋದ್ಯೋಗಿಗಳೆಲ್ಲ ಹೇಳುತ್ತಿದ್ದರು. "ಹೊಗೆ ಕುಡಿದು ಇರುವ ಆರೋಗ್ಯವನ್ನೂ ಕಳೆದುಕೊಳ್ಳುತ್ತೀರಿ ಸಾರ್" ಎಂದಿದ್ದ ಕಿರಿಯ ಮಿತ್ರರೊಬ್ಬರು ಈಗ ವಾರಕ್ಕೆರಡು ದಿನ ನನ್ನ ಜೊತೆಗೇ ಹೆಜ್ಜೆ ಹಾಕುತ್ತಿರುವುದರಿಂದ, ಇದು ಕೈಗೂಡಿದ ಬಗೆಯನ್ನು ಬರೆದಿಡಲು ನನಗೆ ಹಕ್ಕಿದೆಯೆಂದು ಭಾವಿಸುತ್ತೇನೆ.

ಮನೆಯಿಂದ ಕಚೇರಿಗೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಮೊದಲು ಹಿಡಿದದ್ದು ಜೆ.ಸಿ. ರಸ್ತೆ. ಬಿಡಿಭಾಗಗಳ ಅಂಗಡಿಗಳ ಮುಂದೆ ಕಾಲುದಾರಿಯ ಮೇಲೆಯೇ ವಾಹನಗಳ ರಿಪೇರಿ ನಡೆಯುತ್ತಿದ್ದುದರಿಂದ ಹತ್ತು ಹೆಜ್ಜೆಗೊಮ್ಮೆ ರಸ್ತೆಗಿಳಿಯಬೇಕಾಗುತ್ತಿತ್ತು. ಕಚೇರಿ ಸೇರುವಾಗ ಗಂಟಲು ಉರಿಯುತ್ತಿತ್ತು, ಕರವಸ್ತ್ರ ಕಪ್ಪಾಗುತ್ತಿತ್ತು. ಅಶೋಕ ಪಿಲ್ಲರ್ ಕಡೆಯಿಂದ ಲಾಲ್‌ಬಾಗ್ ಹೊಕ್ಕು, ಕೆರೆಯ ಪಕ್ಕದಿಂದ ಸಾಗಿ ಮುಖ್ಯದ್ವಾರದಲ್ಲಿ ಹೊರಬೀಳುವ ದಾರಿಯನ್ನು ಹಿಡಿದ ಮೇಲೆಯೇ ಈ ಪ್ರಯತ್ನಕ್ಕೆ ಜೀವ ಬಂತು. 240 ಎಕರೆಯ ತೋಟದೊಳಗೆ ದಾರಿಯ ಕಾಲು ಭಾಗಕ್ಕಿಂತ ಹೆಚ್ಚು ಕಳೆಯುತ್ತದೆ. ಬೆಳಗಿನ ವಾಯುವಿಹಾರದ ಹೊತ್ತಿನಲ್ಲೇ ಒಳಹೊಕ್ಕರೆ ಟಿಕೆಟ್ಟಿನ ಖರ್ಚೂ ಇಲ್ಲ. ಅಲ್ಲಿಂದ ಮುಂದೆ ಮಿಷನ್ ರಸ್ತೆಯವರೆಗೆ ನಾನು ಬಳಸುವ ಒಳದಾರಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನರಿಗೆ ತಿಳಿದರೆ ಅಲ್ಲಿಯೂ ದ್ವಿಚಕ್ರ ವಾಹನಗಳು ನುಗ್ಗುತ್ತವೆ.

ಬೆವರಿನ ಸಮಸ್ಯೆ ಬಗೆಹರಿಯಲು ಎರಡು ಬೇಸಿಗೆಗಳು ಬೇಕಾದವು. ಬೆನ್ನಿನ ಚೀಲವನ್ನು ಬಿಟ್ಟು ಹೆಗಲಿಗೆ ಅಡ್ಡಲಾಗಿ ಜೋಳಿಗೆ ಹಾಕಿಕೊಂಡದ್ದು, ಕೊನೆಯ ಅರ್ಧ ಕಿಲೋಮೀಟರನ್ನು ಬೇಕೆಂದೇ ನಿಧಾನವಾಗಿ ನಡೆದದ್ದು, ಕಚೇರಿಯ ಕಪಾಟಿನಲ್ಲಿ ಎರಡು ಅಂಗಿಗಳನ್ನು ಇಟ್ಟದ್ದು ಇವು ಫಲ ಕೊಟ್ಟವು. ಶೂಗಳಿಗೆ ಹಣ ಸಾಕಷ್ಟು ಪೋಲಾಯಿತು. ಸಾವಿರದೊಳಗಿನ ಎರಡು ಜೊತೆ ಕೆಲವೇ ತಿಂಗಳಲ್ಲಿ ಅಟ್ಟೆ ಕಿತ್ತುಕೊಂಡು ಹೋದವು. ನಾಲ್ಕು ಸಾವಿರದ ಹತ್ತಿರದ ಜೊತೆ ಹಿಮ್ಮಡಿ ನೋವನ್ನೂ ನಿಲ್ಲಿಸಿತು, ಒಂದು ವರ್ಷದ ಮೇಲೂ ಬಾಳಿತು.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ನಾನು ಇದರ ನಡುವೆ ಮನೆಯಲ್ಲೊಂದು ಪರೀಕ್ಷೆ ನಡೆಸಿದೆ. ರಾತ್ರಿ ಒಂದೇ ಬಗೆಯ ಊಟ, ಅಂದರೆ ಎರಡು ಚಪಾತಿ, ಒಂದು ಸೌಟು ಅನ್ನ, ಹುಳಿ. ಕೆಲವು ದಿನ ಊಟವಾದ ಮೇಲೆ ಕುಳಿತಿದ್ದು, ಕೆಲವು ದಿನ ಇಪ್ಪತ್ತು ನಿಮಿಷ ಬೀದಿಯಲ್ಲಿ ಅಡ್ಡಾಡಿ, ಒಂದೂವರೆ ಗಂಟೆಯ ನಂತರ ರಕ್ತದ ಸಕ್ಕರೆಯನ್ನು ಗ್ಲುಕೋಮೀಟರಿನಲ್ಲಿ ನೋಡಿದೆ. ಕುಳಿತ ದಿನಗಳಲ್ಲಿ 190ರ ಆಸುಪಾಸು, ನಡೆದ ದಿನಗಳಲ್ಲಿ 150-155. ದುಡಿಯುವ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂಬುದು ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಆಗಲೇ. ಊಟಕ್ಕೆ ಮುಂಚಿನ ನಡಿಗೆ ಅಷ್ಟು ವ್ಯತ್ಯಾಸ ತೋರಲಿಲ್ಲ. ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿಯಾಗುತ್ತಿದ್ದುದರಿಂದ, "ಬೆರಳು ಚುಚ್ಚಿಕೊಳ್ಳೋದಕ್ಕೂ ದುಡ್ಡು ಕೊಡಬೇಕೇನ್ರೀ" ಎಂದು ಮನೆಯವಳು ಈ ಪ್ರಯೋಗವನ್ನು ನಿಲ್ಲಿಸಿದಳು. ಮಾತ್ರೆಯ ಪ್ರಮಾಣ ಬದಲಾಗದೆಯೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಏಳೂವರೆಯ ಹತ್ತಿರದಿಂದ ಆರೂವರೆಗೆ ಬಂದಿದೆ.

ಇನ್ನು ಪೆಟ್ರೋಲಿನ ಲೆಕ್ಕ. ದಿನಕ್ಕೆ ಒಂಬತ್ತು ಕಿಲೋಮೀಟರಿನಂತೆ ನನ್ನ ಹಳೆಯ ಸ್ಕೂಟರು ತಿಂಗಳಿಗೆ ಐದಾರು ಲೀಟರ್ ಕುಡಿಯುತ್ತಿತ್ತು, ಅಂದರೆ ಸುಮಾರು ಆರು ನೂರು ರೂಪಾಯಿ. ಸರ್ವೀಸು, ಪಾರ್ಕಿಂಗ್ ಸೇರಿದರೆ ಒಂಬೈನೂರು. ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ವರ್ಷಕ್ಕೆ ನೂರೈವತ್ತು ಕಿಲೋ ತಪ್ಪಿದೆ. ಅದಕ್ಕಿಂತ ಮುಖ್ಯವಾದುದು, ಇಂಜಿನ್ ತಣ್ಣಗಿರುವ ಮೊದಲ ಕೆಲವು ನಿಮಿಷಗಳಲ್ಲೇ ಹೊಗೆ ಹೆಚ್ಚು ಕೆಟ್ಟದಾಗಿರುತ್ತದೆ. ಆದ್ದರಿಂದ ಬಿಡಬೇಕಾದದ್ದು ಇಂಥ ಚಿಕ್ಕ ಓಡಾಟಗಳನ್ನೇ ಎಂಬುದು ನನ್ನ ವಾದ. ಮೈಸೂರಿಗೆ ಕಾರಿನಲ್ಲಿ ಹೋಗಿಬರುವವರನ್ನು ನಾನು ಟೀಕಿಸುವುದಿಲ್ಲ.

ಜೋರು ಮಳೆಯ ದಿನಗಳಲ್ಲಿ ಚಪ್ಪಡಿ ಕಿತ್ತ ಚರಂಡಿಗಳು ನೀರಿನಡಿ ಕಾಣದ ಕಾರಣ ನಡೆಯುವ ಸಾಹಸಕ್ಕೆ ಹೋಗದೆ ಬಸ್ಸು ಹತ್ತುತ್ತೇನೆ. ಸ್ಕೂಟರನ್ನು ಕಳೆದ ವರ್ಷ ಹದಿನೆಂಟು ಸಾವಿರಕ್ಕೆ ಮಾರಿದೆ. ಬಸ್ಸಿನ ಖರ್ಚೂ ಶೂಗಳ ಖರ್ಚೂ ಸದ್ಯಕ್ಕೆ ಆ ಹಣದಿಂದಲೇ ಸಾಗುತ್ತಿದೆ.