ಟಾಪ್ ಇಲ್ಲದ ಕಾರಲ್ಲಿ ಸಂಸಾರ ಸಮೇತ

ನಾನು ಮೈಸೂರು ಕಡೆಯವನು, ಕೆಲಸದ ಮೇಲೆ ಬಂದು ಈಗ ಜರ್ಮನಿಯ ಬ್ಯೋಬ್ಲಿಂಗನ್‌ನಲ್ಲಿದೀನಿ, ಸ್ಟುಟ್‌ಗಾರ್ಟ್ ಪಕ್ಕದ ಊರು. 2021ರ ಏಪ್ರಿಲ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಇ-ಕ್ಲಾಸ್ ಕ್ಯಾಬ್ರಿಯೋಲೆ, ಅಂದ್ರೆ ಟಾಪ್ ಮಡಚಿ ತೆಗೆಯೋ ಕಾರು, ತಗೊಂಡೆ. 2014ರ ಗಾಡಿ, ಇ 200 ಪೆಟ್ರೋಲ್, ಬಟ್ಟೆ ಟಾಪ್, ಎರಡೇ ಡೋರು, ನಾಲ್ಕೇ ಸೀಟು. ಆವಾಗ ಮಗನಿಗೆ 6, ಮಗಳಿಗೆ 2. ಮನೇಲಿ ಬೇರೆ ಕಾರಿಲ್ಲ, ಇದೇ ಸ್ಕೂಲಿಗೂ ಇದೇ ಸಾಮಾನು ತರೋಕೂ. ಫ್ರೆಂಡ್ಸ್ ಎಲ್ಲ ಹಿಂದೆ ಸಾಮಾನಿಗೆ ಜಾಗ ಜಾಸ್ತಿ ಇರೋ ಸ್ಟೇಷನ್ ವ್ಯಾಗನ್ ತಗೋ ಅಂತ ಬಡ್ಕೊಂಡ್ರು, ಅವರದ್ದೇ ಸರಿ ಇತ್ತು ಅನ್ನೋ ದಿನಗಳೂ ಬಂದಿವೆ, ಮುಂದೆ ಹೇಳ್ತೀನಿ.

ನನ್ನ ಹೆಂಡ್ತಿನ ಒಪ್ಸಿದ್ದು ಒಂದು ಕಥೆ ಹೇಳಿ. ಕಾರಲ್ಲಿ ಮೊದಲ ಲಾಂಗ್ ಟ್ರಿಪ್ ಹೋದವಳು ಒಬ್ಬ ತಾಯಿ, ಕಾರು ಕಂಡುಹಿಡಿದ ಕಾರ್ಲ್ ಬೆನ್ಜ್‌ನ ಹೆಂಡ್ತಿ ಬೆರ್ತಾ ಬೆನ್ಜ್. 1888ರ ಆಗಸ್ಟ್‌ನಲ್ಲಿ ಗಂಡನಿಗೂ ಹೇಳ್ದೆ ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರುಮನೆಗೆ ಸುಮಾರು 100 ಕಿಲೋಮೀಟರ್ ಹೋದ್ಳು, ದಾರೀಲಿ ವೀಸ್‌ಲೋಕ್ ಅನ್ನೋ ಊರಲ್ಲಿ ಮೆಡಿಕಲ್ ಶಾಪಿಂದ ಇಂಧನ ತಗೊಂಡ್ಳು, ಬ್ರೇಕ್ ಸವೆದಿದ್ದಕ್ಕೆ ಚಮ್ಮಾರನ ಹತ್ರ ಚರ್ಮ ಹೊಡೆಸಿದ್ಳು. ಆ ಗಾಡಿಗೆ ಮೂರು ಚಕ್ರ, ಮೇಲೆ ಏನೂ ಇಲ್ಲ. ಫೋರ್ಟ್ಸ್‌ಹೈಮ್ ನಮ್ಮನೆಯಿಂದ ದೂರ ಏನಲ್ಲ. ‘ನೋಡು, ಸಂಸಾರದ ಕಾರು ಅಂದ್ರೆ ಮೊದಲಿಂದ್ಲೂ ಟಾಪ್ ಇಲ್ಲದ್ದೇ’ ಅಂದೆ. ‘ರೀ, ಆ ಮಕ್ಕಳು ದೊಡ್ಡವು, ನ್ಯಾಪಿ ಹಾಕ್ತಿರ್ಲಿಲ್ಲ’ ಅಂದ್ಳು.

ಡೀಸೆಲ್ ಬೇಡ ಅಂದಿದ್ದಕ್ಕೆ ಕಾರಣ ಸ್ಟುಟ್‌ಗಾರ್ಟ್. 2019ರಿಂದ ಸಿಟಿ ಒಳಗೆ ಯೂರೋ 4 (ನಮ್ಮಲ್ಲಿ ಬಿಎಸ್ ಇದ್ದಂಗೆ ಹೊಗೆಯ ಮಟ್ಟ) ಮತ್ತು ಅದಕ್ಕಿಂತ ಹಳೇ ಡೀಸೆಲ್ ಗಾಡಿಗಳನ್ನ ಬಿಡ್ತಿರ್ಲಿಲ್ಲ, ಆಮೇಲೆ ಯೂರೋ 5ಕ್ಕೂ ಕೆಲವು ಏರಿಯಾದಲ್ಲಿ ನಿಲ್ಸಿದ್ರು. ನಾಳೆ ಇನ್ನೇನ್ ರೂಲ್ ತರ್ತಾರೋ ಅಂತ ತಲೆಬಿಸಿ ಬೇಡ ಅಂತ ಪೆಟ್ರೋಲೇ ನೋಡ್ದೆ. ನಮ್ಮ ಓಡಾಟದಲ್ಲಿ 100 ಕಿಲೋಮೀಟರ್‌ಗೆ 8ರಿಂದ 9 ಲೀಟರ್ ಕುಡಿಯುತ್ತೆ.

ಯಾರಾದ್ರೂ ಇಂಥ ಕಾರು ನೋಡೋಕೆ ಹೋಗ್ತಿದ್ರೆ ಒಂದು ಮಾತು, ಮಕ್ಕಳ ಸೀಟುಗಳನ್ನ ಜೊತೇಲೇ ಹೊತ್ಕೊಂಡು ಹೋಗಿ, ಮಕ್ಕಳನ್ನೂ. ನಾನು ಎರಡೂ ಸೀಟು ತಗೊಂಡ್ಹೋಗಿ ಡೀಲರ್ ಅಂಗಳದಲ್ಲೇ ಫಿಟ್ ಮಾಡಿ ನೋಡ್ದೆ, ಸೇಲ್ಸ್‌ನವನು ಸ್ವಲ್ಪ ವಿಚಿತ್ರವಾಗಿ ನೋಡ್ದ, ನೋಡ್ಲಿ ಬಿಡಿ. ಮಕ್ಕಳ ಸೀಟು ಸಿಕ್ಕಿಸೋಕೆ ಕಾರಲ್ಲೇ ಇರೋ ಐಸೋಫಿಕ್ಸ್ ಕೊಂಡಿಗೆ ಸೀಟು ಸರಿಯಾಗೇ ಕೂತ್ಕೊಳ್ತು, ಆದ್ರೆ ಮಗಳದ್ದು ಹಿಂದಕ್ಕೆ ಮುಖ ಮಾಡಿ ಕೂರೋ ಸೀಟು, ಅದು ಹಿಡಿಬೇಕಂದ್ರೆ ಮುಂದಿನ ಸೀಟು ಎಷ್ಟು ಮುಂದೆ ಎಳೀಬೇಕಾಯ್ತು ಅಂದ್ರೆ ನನ್ನ ಹೆಂಡ್ತಿ ಮೊಣಕಾಲು ಡ್ಯಾಶ್‌ಬೋರ್ಡ್‌ಗೆ ಒತ್ತುತಾ ಇತ್ತು. ಅವಳು ಕುಳ್ಳಿ, ಅದಕ್ಕೇ ನಡೀತು. ನಾನಲ್ಲಿ ಕೂರೋಕೆ ಆಗ್ತಾನೇ ಇರ್ಲಿಲ್ಲ. ಒಂದು ವರ್ಷ ಅವಳು ಹಾಗೇ ಮುದುಡ್ಕೊಂಡು ಓಡಾಡಿದ್ಳು, ಇವತ್ತಿಗೂ ಜಗಳ ಬಂದಾಗ ಆ ಮೊಣಕಾಲಿನ ವಿಷ್ಯ ಬಂದೇ ಬರುತ್ತೆ.

ಎರಡು ಡೋರ್ ಅಂದ್ರೆ ಮಕ್ಕಳನ್ನ ಕೂರಿಸೋದು ನರಕ ಅಂತ ಎಲ್ರೂ ಹೇಳಿದ್ರಲ್ಲ, ಅದು ಅರ್ಧ ನಿಜ. ಟಾಪ್ ಮುಚ್ಚಿದ್ರೆ ನರಕವೇ. ಡೋರ್ ಉದ್ದ, ಇಲ್ಲಿನ ಪಾರ್ಕಿಂಗ್ ಜಾಗ ಸಪೂರ, ಅರ್ಧ ತೆಗೆದ ಡೋರಲ್ಲಿ ನುಸುಳಿ ಮುಂದಿನ ಸೀಟು ಬಗ್ಗಿಸಿ ಮಗೂನ ಒಳಗೆ ತಳ್ಳಬೇಕು, ಸೊಂಟ ಹೋಗುತ್ತೆ. ಟಾಪ್ ತೆಗೆದಿದ್ರೆ ಮಾತ್ರ ಕಥೆನೇ ಬೇರೆ, ಕಾರ್ ಪಕ್ಕ ನೆಟ್ಟಗೆ ನಿಂತ್ಕೊಂಡು ಮಗೂನ ಎತ್ತಿ ಮೇಲಿಂದ ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸೋದು, ಬೆಲ್ಟ್ ಹಾಕೋದು, ಮುಗೀತು, ನಾಲ್ಕು ಡೋರಿನ ಕಾರಲ್ಲೂ ಇಷ್ಟು ಸಲೀಸಿಲ್ಲ. ಅದಕ್ಕೆ ಮಳೆ ಇಲ್ದಿದ್ರೆ ಜನವರಿಯಲ್ಲೂ ಟಾಪ್ ತೆಗೆದು ಮಕ್ಕಳನ್ನ ಕೂರಿಸಿ ಮತ್ತೆ ಮುಚ್ಚಿ ಹೊರಡ್ತಾ ಇದ್ದೆ. ಪಕ್ಕದ್ಮನೆ ಜರ್ಮನ್ ಅಜ್ಜಿ ಕಿಟಕಿಯಿಂದ ನೋಡ್ತಾ ನಿಂತಿರೋರು.

ಮಕ್ಕಳಿಗೆ ಈ ಕಾರಲ್ಲಿ ಇಷ್ಟವಾದ್ದು ಟಾಪ್ ಅಲ್ಲ, ಮುಂದಿನ ಬೆಲ್ಟ್ ತಂದುಕೊಡೋ ಕೈ. ಡೋರ್ ಹಾಕಿದ ಕೂಡ್ಲೆ ಹಿಂದಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ತೋಳು ಝುಂಯ್ ಅಂತ ಮುಂದೆ ಬಂದು ಬೆಲ್ಟ್‌ನ ನಮ್ಮ ಭುಜದ ಹತ್ರ ಹಿಡ್ಕೊಂಡು ನಿಲ್ಲುತ್ತೆ, ಬೆಲ್ಟ್ ಹಾಕ್ಕೊಂಡ ಮೇಲೆ ವಾಪಸ್ ಹೋಗುತ್ತೆ. ಮಗಳು ಅದಕ್ಕೆ ‘ಬೆಲ್ಟ್ ಮಾಮ’ ಅಂತ ಹೆಸರಿಟ್ಟು ದಿನಾ ಥ್ಯಾಂಕ್ಸ್ ಹೇಳ್ತಿದ್ಳು.

ಈಗ ಮುಖ್ಯ ವಿಷ್ಯ, ಗಾಳಿ. ಓಪನ್ ಕಾರ್ ಓಡಿಸೋ ಗಂಡಸರು ಒಬ್ಬರೂ ಇದನ್ನ ಹೇಳಲ್ಲ ಯಾಕಂದ್ರೆ ಅವರು ಯಾವತ್ತೂ ಹಿಂದೆ ಕೂತಿರಲ್ಲ. ಮುಂದೆ ಕೂತೋರಿಗೆ ತಂಗಾಳಿ, ಹಿಂದೆ ಕೂತೋರಿಗೆ ಸುಂಟರಗಾಳಿ. ಗ್ಲಾಸ್ ಮೇಲಿಂದ ಹಾದ ಗಾಳಿ ಸುತ್ತಿ ಬಂದು ಹಿಂದಿನ ಸೀಟಿಗೇ ಹೊಡೆಯುತ್ತೆ. ಈ ಮಾಡಲ್‌ಗೆ ಏರ್‌ಕ್ಯಾಪ್ ಅಂತ ಒಂದಿದೆ, ಬಟನ್ ಒತ್ತಿದ್ರೆ ಮುಂದಿನ ಗ್ಲಾಸ್ ಚೌಕಟ್ಟಿನ ಮೇಲೆ ಒಂದು ಪಟ್ಟಿ ಎದ್ದು ನಿಲ್ಲುತ್ತೆ, ಹಿಂದಿನ ತಲೆದಿಂಬುಗಳ ನಡುವೆ ಒಂದು ಜಾಲರಿ ಏಳುತ್ತೆ, ಗಾಳಿ ತಲೆ ಮೇಲಿಂದ ಹಾರಿ ಹೋಗುತ್ತೆ. ನೋಡೋಕೆ ಚೆನ್ನಾಗಿಲ್ಲ, ಹುಬ್ಬು ಹಾರಿಸಿದ ಹಾಗೆ ಕಾಣುತ್ತೆ ಕಾರು, ಆದ್ರೆ ಮಕ್ಕಳಿರೋ ಮನೆಗೆ ಅದಿಲ್ದೆ ತಗೋಬೇಡಿ. ನಾನು ಒಂದ್ಸಲ ಹೆಂಡ್ತಿಗೆ ಸ್ಟೀರಿಂಗ್ ಕೊಟ್ಟು ಹಿಂದೆ ಕೂತು ಟೆಸ್ಟ್ ಮಾಡ್ದೆ. ಅದು ಇಲ್ದೆ 60ರಲ್ಲೇ ಕಣ್ಣಲ್ಲಿ ನೀರು, ಅದು ಎದ್ದಿದ್ರೆ 80ರವರೆಗೂ ಮಾತಾಡ್ಕೊಂಡು ಹೋಗಬಹುದು. ಅದರ ಮೇಲೆ ಬೇಡ. ಆಟೋಬಾನ್‌ನಲ್ಲಿ, ಅಂದ್ರೆ ಇಲ್ಲಿನ ಹೈವೇನಲ್ಲಿ, ಟಾಪ್ ಮುಚ್ಚಿಯೇ ಹೋಗ್ತೀವಿ. ಕುತ್ತಿಗೆಗೆ ಬಿಸಿಗಾಳಿ ಊದೋ ಏರ್‌ಸ್ಕಾರ್ಫ್ ಅಂತ ಇನ್ನೊಂದಿದೆ, ಅದೂ ಮುಂದಿನವರಿಗೆ ಮಾತ್ರ, ಹಿಂದಿನವರಿಗೆ ಕಂಬಳಿ. ಅದಕ್ಕೇ ನಮ್ಮಲ್ಲಿ ಟಾಪ್ ವಿಷ್ಯದಲ್ಲಿ ಹಿಂದಿನ ಸೀಟಿನವರು ಹೇಳಿದ್ದೇ ಫೈನಲ್, ಡ್ರೈವರ್‌ಗೆ ವೋಟಿಲ್ಲ.

ಈ ರೂಲ್ ಬಂದಿದ್ದು ಒಂದು ಎಡವಟ್ಟಿಂದ. ಮೊದಲ ವರ್ಷ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಬಿ500 ರೋಡಲ್ಲಿ ಹೊರಟಿದ್ವಿ, ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗೆ ಸುಮಾರು 60 ಕಿಲೋಮೀಟರ್ ಬೆಟ್ಟದ ಮೇಲಿನ ದಾರಿ, ನಮ್ಮ ಮಡಿಕೇರಿ ಕಡೆ ತಿರುವುಗಳ ಹಾಗೇ, ರೋಡ್ ಮಾತ್ರ ಅಗಲ. ಮುಮ್ಮೆಲ್‌ಸೇ ಕೆರೆ ಹತ್ರ, ಅದು ಸಾವಿರ ಮೀಟರ್‌ಗಿಂತ ಮೇಲಿದೆ, ಮೋಡ ಇಳೀತು. ಎರಡು ಹನಿ ಬಿತ್ತು. ಟಾಪ್ ಮುಚ್ಚೋಕೆ 20 ಸೆಕೆಂಡ್ ಸಾಕು, ಆದ್ರೆ ಸ್ಪೀಡ್ 40ರೊಳಗೆ ಇರಬೇಕು. ಹಿಂದೆ ಬೈಕಿನವರ ಸಾಲು, ನಿಲ್ಲಿಸೋಕೆ ಜಾಗ ಇಲ್ಲ, ನನ್ನ ಮೇಲಂತೂ ಒಂದು ಹನಿಯೂ ಬೀಳ್ತಿಲ್ಲ, ಸ್ಪೀಡ್‌ನಲ್ಲಿದ್ರೆ ಮಳೆ ತಲೆ ಮೇಲೆ ಹಾದು ಹೋಗುತ್ತೆ ಅಂತ ಎಲ್ಲೋ ಓದಿದ್ದೆ, ನಿಜ ಕಣೋ ಅಂತ ಖುಷೀಲಿ ಹೋಗ್ತಾನೇ ಇದ್ದೆ. ಮೂರು ಕಿಲೋಮೀಟರ್ ಆದ್ಮೇಲೆ ಒಂದು ಜಾಗ ಸಿಕ್ತು, ತಿರುಗಿ ನೋಡಿದ್ರೆ ಇಬ್ಬರೂ ಮಕ್ಕಳು ಒದ್ದೆ ಕೋಳಿಮರಿ ಹಾಗೆ ಕೂತಿದಾರೆ, ಮಗಳ ಕೈಯಲ್ಲಿ ಚಪಾತಿ ರೋಲ್ ನೆನೆದು ಬಾಳೆಹಣ್ಣಿನ ಥರ ಜೋಲಾಡ್ತಿದೆ, ಅಳ್ತಾನೂ ಇಲ್ಲ ಪಾಪ, ಇದೂ ಕಾರಿನದೇ ಒಂದು ಫೀಚರ್ ಅಂದ್ಕೊಂಡಿತ್ತೇನೋ. ಹೆಂಡ್ತಿ ಒಂದು ಮಾತೂ ಆಡ್ಲಿಲ್ಲ. ಮಾತಾಡಿದ್ರೇ ಚೆನ್ನಾಗಿತ್ತು.

ಡಿಕ್ಕಿ ಬಗ್ಗೆ. ಟಾಪ್ ಮುಚ್ಚಿದ್ರೆ 390 ಲೀಟರ್, ತೆಗೆದ್ರೆ ಮಡಚಿದ ಟಾಪ್ ಒಳಗೆ ಬಂದು ಕೂರೋದ್ರಿಂದ 300. ನಂಬರ್ ನೋಡಿದ್ರೆ ಪರ್ವಾಗಿಲ್ಲ ಅನ್ಸುತ್ತೆ, ತೊಂದ್ರೆ ಇರೋದು ಬಾಯಲ್ಲಿ, ಟಾಪ್ ಒಳಗಿದ್ದಾಗ ಸಾಮಾನು ಇಡೋಕೆ ಬರೀ ಒಂದು ಸಂದಿ. 10 ಕೆಜಿ ಸೋನಾ ಮಸೂರಿ ಚೀಲವನ್ನ ಅಂಚೆ ಡಬ್ಬಿಗೆ ಕಾಗದ ಹಾಕ್ದಂಗೆ ತಳ್ಳಬೇಕು. ದೊಡ್ಡ ಸ್ಟ್ರಾಲರ್ ಮಾರಿ ಫ್ಲೈಟಲ್ಲಿ ತಗೊಂಡ್ಹೋಗೋ ಥರದ ಮಡಚೋ ಸ್ಟ್ರಾಲರ್ ತಗೊಂಡ್ವಿ. ಇನ್ನೊಂದು, ಡಿಕ್ಕಿ ಒಳಗೆ ಒಂದು ಅಡ್ಡ ಪರದೆ ಇದೆ, ಅದನ್ನ ಎಳೆದು ಸಿಕ್ಕಿಸಿದ್ರೆ ಮಾತ್ರ ಟಾಪ್ ತೆಗೆಯುತ್ತೆ. ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿದ್ವಿ, ಮುಗಿದ್ಮೇಲೆ ಪಾರ್ಕಿಂಗಲ್ಲಿ ನಾಲ್ಕು ಜನ ‘ಟಾಪ್ ತೆಗೀರಿ ನೋಡೋಣ’ ಅಂದ್ರು, ನಾನು ಸ್ಟೈಲಾಗಿ ಬಟನ್ ಒತ್ತಿದೆ, ಏನೂ ಇಲ್ಲ, ಮತ್ತೊತ್ತಿದೆ, ಮೆಸೇಜ್ ಮಾತ್ರ ಬರ್ತಿದೆ. ಬಿಸಿಬೇಳೆಬಾತ್ ಪಾತ್ರೆ ಎತ್ತರ ಜಾಸ್ತಿಯಾಗಿ ಪರದೆ ಸಿಕ್ಕಿರ್ಲಿಲ್ಲ. ಕೊನೆಗೆ ಪಾತ್ರೆನ ಹೆಂಡ್ತಿ ತೊಡೆ ಮೇಲಿಟ್ಟು ಟಾಪ್ ತೆಗೆದು ತೋರಿಸ್ದೆ.

ಹಾರಿಹೋಗೋ ವಸ್ತುಗಳ ಲೆಕ್ಕ ಇಟ್ಟಿಲ್ಲ. ಎರಡು ಟೋಪಿ, ಒಂದು ಸಾಕ್ಸು, ಮಗ ಸ್ಕೂಲಲ್ಲಿ ಬರೆದಿದ್ದ ಆನೆ ಚಿತ್ರ. ಈಗ ಗಲ್ಲಕ್ಕೆ ದಾರ ಕಟ್ಟೋ ಟೋಪಿನೇ, ಹೊರಡೋ ಮುಂಚೆ ಸನ್‌ಸ್ಕ್ರೀನ್, ಕೈಯಲ್ಲಿ ಪೇಪರ್ ಚಿಪ್ಸ್ ಏನೂ ಇಲ್ಲ.

ಮೆಂಟೆನೆನ್ಸ್ ಅಂದ್ರೆ ಬಟ್ಟೆ ಟಾಪ್ ಒದ್ದೆ ಇದ್ದಾಗ ಮಡಚಿ ಇಡಬೇಡಿ, ಬೂಸ್ಟು ಬರುತ್ತೆ. ವಾಶ್‌ಗೆ ಹೋದಾಗ ವ್ಯಾಕ್ಸ್ ಇಲ್ಲದ ಪ್ರೋಗ್ರಾಮ್ ಕೇಳಿ. ರಬ್ಬರ್ ಸೀಲ್‌ಗೆ ವರ್ಷಕ್ಕೆ ಎರಡು ಸಲ ಅದರದ್ದೇ ಕ್ರೀಮ್ ಸವರ್ತೀನಿ, ಎಲೆ ಉದುರೋ ಕಾಲದಲ್ಲಿ ನೀರು ಹೋಗೋ ಸಂದಿಗಳಲ್ಲಿ ಕಸ ಬೆರಳಲ್ಲೇ ತೆಗೀತೀನಿ. ಇಲ್ಲಿ ಕೆಲವರು ಬೇಸಿಗೆ ತಿಂಗಳಿಗೆ ಮಾತ್ರ ಅಂತ ಸೀಸನ್ ನಂಬರ್ ಪ್ಲೇಟ್ ಹಾಕಿಸ್ತಾರೆ, ಟ್ಯಾಕ್ಸ್ ಇನ್ಶೂರೆನ್ಸ್ ಉಳಿಯುತ್ತೆ, ಆದ್ರೆ ಉಳಿದ ತಿಂಗಳು ರೋಡ್ ಪಕ್ಕ ನಿಲ್ಲಿಸೋಕೂ ಬಿಡಲ್ಲ, ಒಂದೇ ಕಾರಿರೋ ನಮ್ಮಂಥವರಿಗೆ ಅದಾಗಲ್ಲ.

ಅಪ್ಪ ಅಮ್ಮ ಮೈಸೂರಿಂದ ಬಂದಾಗ ನೋಡಿ ಮರ್ಯಾದೆ ಹೋಗಿದ್ದು. ಅಪ್ಪ ಒಂದು ಸುತ್ತು ಹಾಕಿ ‘ಲೋ, ನಮ್ಮೂರ ಟ್ರ್ಯಾಕ್ಟರಿಗೂ ಟಾಪ್ ಹಾಕಿಸಿದಾರೆ ಕಣೋ’ ಅಂದ್ರು. ಅಮ್ಮ ಸೀರೆ ಹಿಡ್ಕೊಂಡು ಹಿಂದಿನ ಸೀಟಿಗೆ ಹೋಗೋಷ್ಟರಲ್ಲಿ ಸಾಕಾಯ್ತು, ಇಳಿಯೋದಿನ್ನೂ ಕಷ್ಟ. ಆರು ಜನ, ನಾಲ್ಕು ಸೀಟು. ಎರಡು ತಿಂಗಳೂ ಅವರನ್ನ ಎಸ್1 ಅನ್ನೋ ಲೋಕಲ್ ರೈಲಲ್ಲೇ ಸ್ಟುಟ್‌ಗಾರ್ಟ್‌ಗೆ ಕರ್ಕೊಂಡು ಓಡಾಡಿದೆ, ದೂರ ಹೋಗೋಕೆ ವ್ಯಾನ್ ಬಾಡಿಗೆಗೆ ತಗೊಂಡೆ. ಅದರ ಖರ್ಚು ಸೇರಿಸಿ ನೋಡಿದ್ರೆ ವ್ಯಾಗನ್ ತಗೋ ಅಂದವರ ಮುಂದೆ ಬಾಯಿಬಿಡೋಕೆ ಆಗಲ್ಲ.

ಬೆಂಗಳೂರಲ್ಲಿದ್ರೆ ತಗೋತಿದ್ಯಾ ಅಂತ ಕೇಳ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಟಾಪ್ ತೆಗೆದು ಬಿಎಂಟಿಸಿ ಬಸ್ ಪಕ್ಕ ಮಕ್ಕಳನ್ನ ಕೂರಿಸ್ಕೊಂಡು ನಿಲ್ಲೋದಾ, ಇಲ್ಲಪ್ಪ.

ಈಗ ಮಗನಿಗೆ 10 ಮುಗೀತು. ಇಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಆಗೋವರೆಗೂ ಮಕ್ಕಳ ಸೀಟು ಬೇಕು, ಅವನು ಬಾಗಿಲ ಚೌಕಟ್ಟಲ್ಲಿ ಪೆನ್ಸಿಲ್ ಗೆರೆ ಹಾಕ್ಕೊಂಡು 150 ಯಾವಾಗ ಅಂತ ಕಾಯ್ತಿದಾನೆ, ಕಾಲಂತೂ ಆಗ್ಲೇ ಉದ್ದ ಆಗಿದೆ. ನನ್ನ ಸೀಟಿನ ಬೆನ್ನಿಗೆ ಅವನ ಮೊಣಕಾಲು ಒತ್ತುತ್ತೆ ಅಂತ ಹೋದ ತಿಂಗಳು ಸೀಟನ್ನ ಎರಡು ಹಂತ ಮುಂದೆ ಸರಿಸ್ಕೊಂಡೆ, ಈಗ ನನ್ನ ಮೊಣಕಾಲು ಸ್ಟೀರಿಂಗ್ ಕೆಳಗೆ ತಾಗ್ತಿದೆ, ಅದನ್ನ ನೋಡಿ ನನ್ನ ಹೆಂಡ್ತಿ ನಗ್ತಾ ಇದಾಳೆ.