ಕನ್ನಡ ಪುಸ್ತಕಪಟ್ಟಿಗೆ ಪೋಸ್ಟ್‌ಗ್ರೆಸ್: ಮೊದಲು ಎನ್‌ಕೋಡಿಂಗ್ ನೋಡಿ

ಮುಂಬಯಿ ಕಡೆಯ ಮಾಟುಂಗವೋ ಡೊಂಬಿವಲಿಯೋ, ಕನ್ನಡ ಸಂಘದ ಗ್ರಂಥಾಲಯದ ಪಟ್ಟಿ ಎಕ್ಸೆಲ್‌ನಲ್ಲಿದ್ದು, ಇಬ್ಬರು ಒಟ್ಟಿಗೆ ತೆರೆದಾಗ ಒಬ್ಬರು ಬರೆದದ್ದು ಅಳಿಸಿಹೋಗುತ್ತಿದೆಯೇ? ಹಾಗಾದರೆ ಅದನ್ನು ಡೇಟಾಬೇಸ್‌ಗೆ ಸಾಗಿಸಿ. ಉಬುಂಟು ಸರ್ವರ್ 24.04ರಲ್ಲಿ ಪೋಸ್ಟ್‌ಗ್ರೆಸ್ 16 ಎಂಬ ಡೇಟಾಬೇಸ್ ತಂತ್ರಾಂಶ ಸಿಗುತ್ತದೆ, ಇಷ್ಟಕ್ಕೆ ಧಾರಾಳ ಸಾಕು. ಕೆಳಗಿನ ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರವೋ ಅಡಿಗೆರೆಯೋ ಬೇಕಾದ ಕಡೆ ಆವರಣದಲ್ಲಿ ಇಂಗ್ಲಿಷನ್ನೇ ಕೊಟ್ಟಿದ್ದೇವೆ.

ಇನ್‌ಸ್ಟಾಲ್‌ಗೂ ಮೊದಲು ‘ಲೊಕೇಲ್’ ಎಂದು ಕೊಡಿ, ಸರ್ವರ್‌ನ ಭಾಷೆ-ಲಿಪಿ ಸೆಟ್ಟಿಂಗ್ ಕಾಣುತ್ತದೆ. ಉತ್ತರದಲ್ಲಿ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬೈಟ್‌ಗಳಾಗಿ ಬರೆದಿಡುವ ಎನ್‌ಕೋಡಿಂಗ್) ಕಾಣದೆ ಬರೀ ಪೊಸಿಕ್ಸ್ ಕಂಡರೆ, ಅಪ್‌ಡೇಟ್-ಲೊಕೇಲ್‌ನಿಂದ ಲ್ಯಾಂಗ್ ಬೆಲೆಯನ್ನು ಸಿ.ಯುಟಿಎಫ್-8 (LANG=C.UTF-8) ಮಾಡಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಇದನ್ನು ಬಿಟ್ಟರೆ ಡೇಟಾಬೇಸ್ ಅಕ್ಷರ ಗುರುತಿಸದೆ ಬರೀ ಬೈಟ್ ನೋಡುವ ಎಸ್‌ಕ್ಯುಎಲ್-ಆಸ್ಕಿ ಆಗಿಬಿಡಬಹುದು. ಆಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯುಎಲ್’. ಸರ್ವಿಸ್ ತಾನಾಗಿ ಶುರುವಾಗುತ್ತದೆ.

ಪೋಸ್ಟ್‌ಗ್ರೆಸ್ ಬಳಕೆದಾರನ ಹೆಸರಲ್ಲಿ ‘ಕ್ರಿಯೇಟ್‌ಯೂಸರ್’ ಕೊಟ್ಟು ‘ಗ್ರಂಥಾಲಯ’ ಎಂಬ ಖಾತೆ ತೆರೆಯಿರಿ. ಪಾಸ್‌ವರ್ಡ್ ಕೇಳುವ ಆಯ್ಕೆ ಮರೆಯಬೇಡಿ. ನಂತರ ‘ಕ್ರಿಯೇಟ್‌ಡಿಬಿ’ ಕೊಡುವಾಗ ಮೂರು ಆಯ್ಕೆ ಸೇರಿಸಿ: ಓನರ್ ಗ್ರಂಥಾಲಯ, ಎನ್‌ಕೋಡಿಂಗ್ ಯುಟಿಎಫ್8, ಟೆಂಪ್ಲೇಟ್0 (ಹೊಸ ಡೇಟಾಬೇಸ್‌ಗೆ ಖಾಲಿ ಅಚ್ಚು). ಓನರ್ ಯಾಕೆಂದರೆ, 15ನೇ ಆವೃತ್ತಿಯಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಸಾಮಾನ್ಯವಾಗಿ ಕೂರುವ ಜಾಗ) ಯಾರು ಬೇಕಾದರೂ ಟೇಬಲ್ ಮಾಡಲು ಬಿಡುವುದಿಲ್ಲ. ‘ಪರ್ಮಿಶನ್ ಡಿನೈಡ್’ ಬಂದರೆ ಕಾರಣ ಬಹುತೇಕ ಇದೇ.

ಈಗ ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯುಎಲ್‌ನಲ್ಲಿ ‘ಸೆಲೆಕ್ಟ್ ಲೆಂತ್’ ಕೊಟ್ಟು ‘ಕನ್ನಡ’ ಪದದ ಉದ್ದ ಕೇಳಿ. 5 ಬಂದರೆ ಸರಿ: ಕ, ನ, ಅರ್ಧಾಕ್ಷರದ ಚಿಹ್ನೆ (್), ನ, ಡ. 15 ಬಂದರೆ ಡೇಟಾಬೇಸ್ ಅಕ್ಷರ ಬಿಟ್ಟು ಬೈಟ್ ಎಣಿಸುತ್ತಿದೆ, ಒಂದೊಂದಕ್ಕೆ ಮೂರು. ಅಲ್ಲೇ ಅಳಿಸಿ ಹೊಸದು ಮಾಡಿ. ಸಾವಿರ ಪುಸ್ತಕ ತುಂಬಿದ ಮೇಲೆ ಸರಿಪಡಿಸುವುದು ದೊಡ್ಡ ಗೋಳು.

ಅಕಾರಾದಿಯನ್ನೂ ಪರೀಕ್ಷಿಸಿ. ಯುನಿಕೋಡ್ ಕೋಷ್ಟಕದಲ್ಲಿ ‘ಳ’ ಬರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ಆಚೆ. ಸಿ.ಯುಟಿಎಫ್-8ರಲ್ಲಿ ಸದಸ್ಯರ ಊರುಗಳನ್ನು ಜೋಡಿಸಿದರೆ ಬಳ್ಕೂರು ಮೊದಲು, ಬಸ್ರೂರು ಆಮೇಲೆ ಬರುತ್ತದೆ. ಆರ್ಡರ್ ಬೈ ಜೊತೆಗೆ ‘ಕೊಲೇಟ್ "ಕೆಎನ್-ಎಕ್ಸ್-ಐಸಿಯು"’ ಸೇರಿಸಿದರೆ ಬಸ್ರೂರು ಮುಂದಕ್ಕೆ ಬರುತ್ತದೆ. ನಿಘಂಟು ನೋಡಿ ಬೆಳೆದ ಓದುಗರಿಗೆ ಇದು ಸಣ್ಣ ಸಂಗತಿಯಲ್ಲ.

‘ಪಿಯರ್ ಅಥೆಂಟಿಕೇಶನ್ ಫೇಲ್ಡ್’ (ನಿಮ್ಮ ಉಬುಂಟು ಹೆಸರು ಡೇಟಾಬೇಸ್ ಖಾತೆಗೆ ಹೊಂದಲಿಲ್ಲ ಎಂದು) ಬಂದರೆ ‘-ಎಚ್ ಲೋಕಲ್‌ಹೋಸ್ಟ್’ ಸೇರಿಸಿ ಲಾಗಿನ್ ಆಗಿ. ಪಾಸ್‌ವರ್ಡ್ ಕೇಳದೆ ಒಳಬಿಡುವ ‘ಟ್ರಸ್ಟ್’ ಎಂದು ಬದಲಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ, ಅದು ಬಾಗಿಲಿನ ಚಿಲಕವನ್ನೇ ಕಿತ್ತ ಹಾಗೆ. ಬೇರೆ ಮೇಜಿನ ಕಂಪ್ಯೂಟರ್‌ನಿಂದ ಬಳಸಬೇಕಿದ್ದರೆ ಲಿಸನ್-ಅಡ್ರೆಸಸ್‌ಗೆ (listen_addresses) ಸರ್ವರ್‌ನ ಐಪಿಯನ್ನೂ ಸೇರಿಸಿ, ಯಾರು ಎಲ್ಲಿಂದ ಬರಬಹುದೆಂದು ಹೇಳುವ ಪಿಜಿ-ಎಚ್‌ಬಿಎ (pg_hba.conf) ಕಡತದಲ್ಲಿ ಕಚೇರಿಯ ಜಾಲಕ್ಕಷ್ಟೇ, ಅಂದರೆ 192.168.1.0/24ರಂಥದಕ್ಕೆ, ಸ್ಕ್ರ್ಯಾಮ್-ಶಾ-256 (ಪಾಸ್‌ವರ್ಡ್ ಪರೀಕ್ಷಿಸುವ ವಿಧಾನ) ಅನುಮತಿ ಕೊಡಿ. ಮೊದಲನೆಯದಕ್ಕೆ ರೀಸ್ಟಾರ್ಟ್ ಬೇಕು, ಎರಡನೆಯದಕ್ಕೆ ರೀಲೋಡ್ ಸಾಕು. 5432 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯಬೇಡಿ. ಮೆಮೊರಿ ಸೆಟ್ಟಿಂಗ್ ಮುಟ್ಟುವ ಅಗತ್ಯವಿಲ್ಲ.

ಮುಂಬಯಿ ಮಳೆಗೆ ನೆಲಮಹಡಿಯ ಕೋಣೆಯನ್ನು ನಂಬುವಂತಿಲ್ಲ. ಪೋಸ್ಟ್‌ಗ್ರೆಸ್ ಬಳಕೆದಾರನ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ವ್ಯವಸ್ಥೆ) ರಾತ್ರಿ ‘ಪಿಜಿ-ಡಂಪ್ -ಎಫ್‌ಸಿ’ (pg_dump -Fc) ಓಡಿಸಿ, ಕಡತದ ಹೆಸರಿಗೆ ವಾರದ ದಿನದ ಅಂಕೆ ಸೇರಿಸಿದರೆ ಏಳು ಪ್ರತಿಗಳು ಸರದಿಯಲ್ಲಿ ಉಳಿಯುತ್ತವೆ. ಕ್ರಾನ್‌ನಲ್ಲಿ % ಚಿಹ್ನೆಯ ಮುಂದೆ \ ಹಾಕಲೇಬೇಕು. ಇಲ್ಲವಾದರೆ ಆಜ್ಞೆ ಅಲ್ಲಿಗೇ ತುಂಡಾಗಿ ಬ್ಯಾಕಪ್ ಆಗುವುದೇ ಇಲ್ಲ. ಒಂದು ಪ್ರತಿಯನ್ನು ಬೇರೆ ಕಟ್ಟಡಕ್ಕೆ ಕಳಿಸಿ. ತಿಂಗಳಿಗೊಮ್ಮೆ ಅದನ್ನು ಖಾಲಿ ಡೇಟಾಬೇಸಿಗೆ ‘ಪಿಜಿ-ರಿಸ್ಟೋರ್’ (pg_restore) ಮಾಡಿ, ಪುಸ್ತಕಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ.